ತೊಳೆದು ಬಳಸುವ ಏರ್ ಫಿಲ್ಟರು: ನಮ್ಮ ಧೂಳಿನ ನಾಡಿಗೆ ತಕ್ಕುದೇ?

ಕಾರಿನ ಒಂದು ಸಣ್ಣ ಬಿಡಿಭಾಗವನ್ನು ಕುರಿತು ಈ ಪತ್ರಿಕೆಯಲ್ಲಿ ಬರೆಯುವುದು ಉಚಿತವೋ ಅಲ್ಲವೋ ಎಂದು ನಾವು ಕೆಲವು ದಿನ ಯೋಚಿಸಿದೆವು. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ನಮ್ಮ ಅನೇಕ ಮನೆಗಳ ಅಂಗಳದಲ್ಲಿ ಇಂದು ಒಂದು ಕಾರು ನಿಂತಿದೆ. ಅದು ಆಡಂಬರಕ್ಕಾಗಿ ಕೊಂಡದ್ದಲ್ಲ. ಆಸ್ಪತ್ರೆಗೆ, ಮಕ್ಕಳ ಪರೀಕ್ಷೆಗೆ, ಮದುವೆ ಮುಂಜಿಗೆ, ಶರಣಬಸವೇಶ್ವರರ ಜಾತ್ರೆಗೆ ಹೋಗಿ ಬರಲೆಂದು ಉಳಿತಾಯದ ಹಣ ಕೂಡಿಸಿ ಕೊಂಡದ್ದು. ಅದರ ಆಯುಷ್ಯವನ್ನು ಕಾಯುವ ವಸ್ತುವಿನ ವಿಷಯದಲ್ಲಿ ನಾವು ಮಾಡಿದ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗದಿರಲಿ ಎಂಬ ಒಂದೇ ಉದ್ದೇಶದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ನಾಡಿನ ಧೂಳಿನ ಪರಿಚಯ ನಮಗೆ ಬೇರೆ ಯಾರೂ ಮಾಡಿಕೊಡಬೇಕಾಗಿಲ್ಲ. ಈ ನೆಲದಡಿಯಲ್ಲಿ ಸುಣ್ಣದಕಲ್ಲು ಪದರಪದರವಾಗಿ ಮಲಗಿದೆ. ಶಹಾಬಾದ ಕಲ್ಲು ಎಂಬ ಹೆಸರಿನಿಂದ ಅದು ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಾಗಿದೆ. ಅದೇ ಕಲ್ಲಿನ ಬಲದಿಂದ 1968ರಲ್ಲಿ ವಾಡಿಯಲ್ಲಿ ಎ.ಸಿ.ಸಿ. ಸಿಮೆಂಟ್ ಕಾರ್ಖಾನೆ ಆರಂಭವಾಯಿತು. 1980ರ ದಶಕದಲ್ಲಿ ಮಳಖೇಡದ ಬಳಿ ಮತ್ತು ಸೇಡಂನಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ಅನಂತರ ಚಿತ್ತಾಪುರ, ಚಿಂಚೋಳಿ ತಾಲೂಕುಗಳಿಗೂ ಆ ಉದ್ಯಮ ಹಬ್ಬಿತು. ಸಾವಿರಾರು ಮನೆಗಳಿಗೆ ಅವು ಅನ್ನ ನೀಡಿವೆ. ಅವುಗಳನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಕಲ್ಲು ಹೇರಿದ ಲಾರಿ ಸಾಗಿದ ದಾರಿಯಲ್ಲಿ ಧೂಳೇಳುವುದು ಸಹಜ. ಅದರೊಡನೆ ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು, ತೊಗರಿ ರಾಶಿಯ ಕಾಲದ ಹೊಟ್ಟು, ಚಿಂಚೋಳಿಯ ಕಡೆಗೆ ಹೋದರೆ ಕೆಂಪು ಮಣ್ಣು. ಬೆಳಿಗ್ಗೆ ಒರೆಸಿದ ಕಾರಿನ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು.

ನಮ್ಮ ಕಾರು ಹತ್ತು ವರ್ಷ ಹಳೆಯದಾದ ಡೀಸೆಲ್ ಗಾಡಿ. ಮೂರು ವರ್ಷಗಳಿಂದ ಅದಕ್ಕೊಂದು ಗುರುತರವಾದ ಹೊಣೆ ಬಿದ್ದಿದೆ. ನಮ್ಮ ಹಿರಿಯ ಅಣ್ಣನವರಿಗೆ ಮೂತ್ರಪಿಂಡಗಳು ಕೆಲಸ ಮಾಡುವುದನ್ನು ನಿಲ್ಲಿಸಿದವು. ವಾರಕ್ಕೆ ಎರಡು ಸಲ ಅವರನ್ನು ಸೇಡಂನಿಂದ ಕಲಬುರಗಿಗೆ ಡಯಾಲಿಸಿಸ್‌ಗಾಗಿ ಕರೆದೊಯ್ಯಬೇಕು. ಒಂದು ಕಡೆಗೆ ಐವತ್ತು ಕಿಲೋಮೀಟರಿಗೂ ಮೀರಿದ ದಾರಿ. ಬೆಳಿಗ್ಗೆ ಎಂಟು ಗಂಟೆಗೆ ಅವರ ಸರದಿ. ಮಳೆಯಿರಲಿ, ಬಿಸಿಲಿರಲಿ, ಹಬ್ಬವಿರಲಿ, ಆ ದಿನ ಆ ಗಾಡಿ ಹೊರಡಲೇಬೇಕು.

ಕಳೆದ ವರ್ಷದ ದೀಪಾವಳಿಗೆ ಬೆಂಗಳೂರಿನಿಂದ ಮಗಳು ಅಳಿಯಂದಿರು ಬಂದಿದ್ದರು. ಅಳಿಯಂದಿರು ಬುದ್ಧಿವಂತರು, ನಮ್ಮ ಮೇಲೆ ಪ್ರೀತಿಯುಳ್ಳವರು. ಚೀಲದಿಂದ ಒಂದು ಚಂದದ ಪೆಟ್ಟಿಗೆ ತೆಗೆದು ನಮ್ಮ ಕೈಗಿತ್ತರು. ಒಳಗೆ ಕೆಂಪು ಬಣ್ಣದ ಏರ್ ಫಿಲ್ಟರು, ಜೊತೆಗೆ ಅದನ್ನು ತೊಳೆಯುವ ದ್ರಾವಣ, ಅದಕ್ಕೆ ಹಚ್ಚುವ ಎಣ್ಣೆಯ ಬಾಟಲಿ. “ಮಾಮಾ, ಇದು ಜೀವಮಾನಕ್ಕೆ ಒಂದೇ ಸಾಕು. ಕಾಗದದ್ದು ವರ್ಷಕ್ಕೆ ಎರಡು ಬಿಸಾಕೂದು ತಪ್ಪತದ. ತೊಳೀರಿ, ಎಣ್ಣಿ ಹಚ್ಚರಿ, ಮತ್ತ ಹಾಕರಿ. ಗಾಡಿಗೆ ಎಳೆತಾನೂ ಹೆಚ್ಚಾಗ್ತದ” ಎಂದರು. ಬಿಸಾಡದೆ ಬಳಸುವುದು ಒಳ್ಳೆಯದೆಂದು ಹಿರಿಯರಿಂದ ಕೇಳಿ ಬೆಳೆದ ನಮಗೆ ಆ ಮಾತು ಹಿಡಿಸಿತು. ಮರುದಿನವೇ ಹಾಕಿಸಿದೆವು.

ತೊಳೆದು ಬಳಸುವ ಫಿಲ್ಟರು ನಮ್ಮ ಮನೆಗೆ ಹೊಸದೂ ಆಗಿರಲಿಲ್ಲ. ನಮ್ಮ ತಂದೆಯವರ ಕಾಲದ ಟ್ರ್ಯಾಕ್ಟರಿಗೆ ಕಾಗದದ ಫಿಲ್ಟರು ಇರಲಿಲ್ಲ. ಎಣ್ಣೆಯ ಬಟ್ಟಲಿನ ಫಿಲ್ಟರು ಇತ್ತು. ಒಳಗೆ ಬಂದ ಗಾಳಿ ಬಟ್ಟಲಿನ ಎಣ್ಣೆಗೆ ಬಡಿದು ಮೇಲಕ್ಕೆ ತಿರುಗುವಾಗ ಧೂಳು ಎಣ್ಣೆಯಲ್ಲಿ ಸಿಕ್ಕಿಬೀಳುತ್ತಿತ್ತು. ಉಳಿದದ್ದನ್ನು ಮೇಲಿನ ತಂತಿಯ ಬಲೆ ಹಿಡಿಯುತ್ತಿತ್ತು. ರಾಶಿಯ ಕಾಲದಲ್ಲಿ ತಂದೆಯವರು ಪ್ರತಿ ಸಂಜೆ ಆ ಬಟ್ಟಲನ್ನು ಬಿಚ್ಚಿ, ಕೆಸರಾದ ಎಣ್ಣೆಯನ್ನು ಚೆಲ್ಲಿ, ಬಟ್ಟೆಯಿಂದ ಒರೆಸಿ, ಹೊಸ ಎಣ್ಣೆಯನ್ನು ಸರಿಯಾಗಿ ಗೆರೆಯ ಮಟ್ಟಕ್ಕೆ ತುಂಬುತ್ತಿದ್ದರು. “ಎಣ್ಣಿ ಗೆರಿ ದಾಟಬಾರದು, ದಾಟಿದ್ರ ಇಂಜಿನ್ನೇ ಅದನ್ನ ಕುಡೀತದ” ಎಂದು ನಮಗೆ ಹೇಳುತ್ತಿದ್ದರು. ಎತ್ತಿನ ಮೈ ತಿಕ್ಕುವಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದ ಕೆಲಸವದು. ಆ ಮಾತು ನಮಗೆ ನೆನಪಿದ್ದಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಾಲ್ಕು ತಿಂಗಳು ಗಾಡಿ ಚೆನ್ನಾಗಿಯೇ ಓಡಿತು. ಮಾರ್ಚ್ ತಿಂಗಳಿನಲ್ಲಿ ಮುಚ್ಚಳ ತೆಗೆದು ನೋಡಿದರೆ ಕೆಂಪು ಬಣ್ಣ ಬೂದಿಯಾಗಿತ್ತು. ನಮ್ಮ ಮನೆಯವರು ಬಕೆಟ್ಟಿನಲ್ಲಿ ನೀರು ತಂದುಕೊಟ್ಟರು. ದ್ರಾವಣ ಹಾಕಿ ತೊಳೆದೆವು. ಮರುದಿನ ಅಣ್ಣನವರ ಸರದಿ ಇದ್ದುದರಿಂದ ಪೂರ್ತಿ ಆರುವ ತನಕ ಕಾಯುವ ತಾಳ್ಮೆ ಇರಲಿಲ್ಲ. ಧೂಳಿನ ನಾಡು, ಎಣ್ಣೆ ಸ್ವಲ್ಪ ಹೆಚ್ಚಿರಲಿ ಎಂದು ತಲೆಗೆ ಎಣ್ಣೆ ಹಚ್ಚುವ ಹಾಗೆ ಧಾರಾಳವಾಗಿ ಹಚ್ಚಿದೆವು. ಪ್ರತಿ ಮಡಿಕೆಗೆ ತೆಳುವಾಗಿ ಒಮ್ಮೆ ಮಾತ್ರ ಹಚ್ಚಿ, ಇಪ್ಪತ್ತು ನಿಮಿಷ ಕಾಯಬೇಕೆಂದು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬರೆದಿತ್ತು. ಅದನ್ನು ಓದಿಯೂ ಪಾಲಿಸಲಿಲ್ಲ. ತಪ್ಪು ನಮ್ಮದೇ.

ಮರುದಿನ ಬೆಳಿಗ್ಗೆ ಮಳಖೇಡ ದಾಟುವಷ್ಟರಲ್ಲಿ ಇಂಜಿನ್ನಿನ ದೀಪ ಹೊತ್ತಿತು. ಗಾಡಿಯ ಎಳೆತ ಸತ್ತುಹೋಯಿತು. ಹಿಂದೆ ನೋಡಿದರೆ ಕರಿ ಹೊಗೆ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಿನ ಹೊರಗೆ, ಕಾಗಿಣಾ ನದಿಯ ಸೀಮೆಯಲ್ಲಿ, ಲಾರಿಗಳ ಧೂಳಿನ ನಡುವೆ, ಕಾಲು ಬಾತುಕೊಂಡ ಅಣ್ಣನವರನ್ನು ಹಿಂದಿನ ಆಸನದಲ್ಲಿ ಕೂರಿಸಿಕೊಂಡು ನಾವು ನಿಂತುಬಿಟ್ಟೆವು. ವೈನಿಯವರ ಮುಖ ನೋಡಲು ನಮಗೆ ಧೈರ್ಯವಾಗಲಿಲ್ಲ. ಕೊನೆಗೆ ಕಲಬುರಗಿಗೆ ಹೋಗುವ ಸರ್ಕಾರಿ ಬಸ್ಸೊಂದು ನಿಂತಿತು. ನಿರ್ವಾಹಕರು ಮುಂದಿನ ಆಸನ ಖಾಲಿ ಮಾಡಿಸಿಕೊಟ್ಟರು. ಆಸ್ಪತ್ರೆ ತಲುಪುವಾಗ ಸರದಿ ತಪ್ಪಿತ್ತು. ಯಂತ್ರ ಖಾಲಿಯಾಗುವ ತನಕ, ಸಂಜೆಯವರೆಗೆ, ಅಣ್ಣನವರು ಬಾಕಿನ ಮೇಲೆ ಕಾದರು. ಉಸಿರಾಟ ಭಾರವಾಗಿದ್ದರೂ ನಮ್ಮನ್ನು ನೋಡಿ ನಕ್ಕು, “ತಮ್ಮಾ, ನನ್ನ ಹಂಗ ಗಾಡೀದೂ ಫಿಲ್ಟರೇ ಕೆಟ್ತೇನು?” ಎಂದರು. ಆ ನಗೆಗೆ ನಮ್ಮ ಬಳಿ ಉತ್ತರವಿರಲಿಲ್ಲ.

ಗಾಡಿಯನ್ನು ಎಳೆಸಿಕೊಂಡು ಬಂದು ಮೇಸ್ತ್ರಿಗೆ ತೋರಿಸಿದೆವು. ಅವರು ಫಿಲ್ಟರಿನ ಆಚೆಯ ಕೊಳವೆ ಬಿಚ್ಚಿ ಒಂದು ಸಣ್ಣ ಭಾಗವನ್ನು ಹೊರಗೆ ತೆಗೆದರು. ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವ ಸೆನ್ಸರು ಅದು. ಕಾಯಿಸಿದ ಬಹು ತೆಳುವಾದ ತಂತಿ ಅಥವಾ ಪೊರೆ ಅದರಲ್ಲಿರುತ್ತದೆ. ಹಾದುಹೋಗುವ ಗಾಳಿ ಅದನ್ನು ಎಷ್ಟು ತಂಪು ಮಾಡಿತೆಂಬುದರ ಮೇಲೆ ಗಾಳಿಯ ಲೆಕ್ಕ ಸಿಗುತ್ತದೆ. ಅದರ ಮೇಲೆ ಎಣ್ಣೆಯ ಪೊರೆ ಕುಳಿತು, ಎಣ್ಣೆಯ ಮೇಲೆ ಧೂಳು ಕುಳಿತಿತ್ತು. “ಸರ್, ಎಣ್ಣಿ ಭಾಳ ಆಗ್ಯಾದ್ರಿ. ಲೆಕ್ಕಾ ತಪ್ಪಿ ಗಾಡಿ ಕಂಗಾಲಾಗ್ಯಾದ” ಎಂದರು. ನಮ್ಮ ಪುಣ್ಯಕ್ಕೆ ಸೆನ್ಸರು ಕೆಟ್ಟಿರಲಿಲ್ಲ. ತೊಳೆದ ಮೇಲೆ ಸರಿಹೋಯಿತು. ಅನಂತರ ಅವರು ಮಾಡಿದ ಇನ್ನೊಂದು ಕೆಲಸ ನಮ್ಮ ಕಣ್ಣು ತೆರೆಸಿತು. ಫಿಲ್ಟರಿನ ಆಚೆ, ಇಂಜಿನ್ನಿನ ಕಡೆಯ ಕೊಳವೆಯೊಳಗೆ ಬಿಳಿ ಬಟ್ಟೆ ಹಾಕಿ ಒರೆಸಿ ತೋರಿಸಿದರು. ಬಟ್ಟೆಯ ಮೇಲೆ ಬೂದು ಬಣ್ಣದ ಗೆರೆ ಮೂಡಿತ್ತು. ತಿಕ್ಕಿದರೆ ಬೆರಳಿಗೆ ಮರಳು ತಾಕಿದಂತಾಯಿತು. ಫಿಲ್ಟರು ದಾಟಿ ಬಂದ ಧೂಳದು.

ಎಣ್ಣೆ ಹೆಚ್ಚಾದದ್ದು ನಮ್ಮ ತಪ್ಪಾಯಿತು. ಆದರೆ ಧೂಳು ದಾಟಿದ್ದೇಕೆ? ಬಹಳ ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದ ನಮಗೆ ಈ ಪ್ರಶ್ನೆ ಸುಮ್ಮನಿರಗೊಡಲಿಲ್ಲ. ತಿಳಿದುಕೊಂಡದ್ದನ್ನು ಸರಳವಾಗಿ ನಿವೇದಿಸುತ್ತೇವೆ.

ಒಂದು ಲೀಟರು ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕಿಲೋ ಗಾಳಿ ಬೇಕು. ಅಂದರೆ ಸುಮಾರು 10 ಘನಮೀಟರು. ಡೀಸೆಲ್ ಇಂಜಿನ್ನು ವಾಸ್ತವವಾಗಿ ಅದಕ್ಕಿಂತಲೂ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ನಮ್ಮ ಕಾರು ವರ್ಷಕ್ಕೆ 15,000 ಕಿಲೋಮೀಟರು ಓಡಿ 1,000 ಲೀಟರು ಡೀಸೆಲ್ ಕುಡಿಯುತ್ತದೆ. ಅಂದರೆ ವರ್ಷಕ್ಕೆ ಕಡಿಮೆಯೆಂದರೂ ಒಂದು ಕೋಟಿ ಲೀಟರು ಗಾಳಿ! ಒಂದು ಘನಮೀಟರು ಗಾಳಿಯಲ್ಲಿ ಒಂದೇ ಮಿಲಿಗ್ರಾಂ ಧೂಳಿದೆ ಎಂದು ಹಿಡಿದರೂ ವರ್ಷಕ್ಕೆ 10 ಗ್ರಾಂ ಧೂಳು ಫಿಲ್ಟರಿನ ಬಾಗಿಲು ತಟ್ಟುತ್ತದೆ. ಫಿಲ್ಟರು ನೂರಕ್ಕೆ 99.5 ಭಾಗ ತಡೆದರೆ ಒಳಗೆ ಹೋಗುವುದು ಗ್ರಾಮಿನ ಇಪ್ಪತ್ತನೆಯ ಒಂದು ಭಾಗ. ನೂರಕ್ಕೆ 97 ತಡೆದರೆ ಒಳಗೆ ಹೋಗುವುದು 0.3 ಗ್ರಾಂ. ತಡೆಯುವುದರಲ್ಲಿ ಅಂತರ ಎರಡೂವರೆ ಅಂಶ ಮಾತ್ರ. ಒಳಗೆ ಸೇರುವುದರಲ್ಲಿ ಆರು ಪಟ್ಟು. ಫಿಲ್ಟರಿನ ಗುಣವನ್ನು ಹಿಡಿದ ಧೂಳಿನಿಂದ ಅಳೆಯಬಾರದು, ಬಿಟ್ಟ ಧೂಳಿನಿಂದ ಅಳೆಯಬೇಕು.

ಆ ಧೂಳು ಮಾಡುವ ಕೇಡೇನು? ಸುಣ್ಣದಕಲ್ಲಿನ ಪುಡಿ ಅಷ್ಟು ಕಠಿಣವಲ್ಲ. ಖನಿಜಗಳ ಕಾಠಿಣ್ಯದ ಮೊಹ್ಸ್ ಅಳತೆಯಲ್ಲಿ ಅದು 3. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣ 7. ಅದು ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಗಟ್ಟಿ. ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಸೇರಿ ಅದು ಅರದಂತೆ ತೇಯುತ್ತದೆ. ಆ ತೇಯ್ಮಾನ ಒಂದು ದಿನದಲ್ಲಿ ಕಾಣಿಸುವುದಿಲ್ಲ. ಕೆಲವು ವರ್ಷಗಳ ಮೇಲೆ ಎಣ್ಣೆ ಕುಡಿಯುವ, ಹೊಗೆಯುಗುಳುವ, ಎಳೆತವಿಲ್ಲದ ಗಾಡಿಯಾಗಿ ಕಾಣಿಸಿಕೊಳ್ಳುತ್ತದೆ.

ಈಗ ಎರಡು ಬಗೆಯ ಫಿಲ್ಟರುಗಳನ್ನು ನೋಡೋಣ. ಕಾಗದದ ಫಿಲ್ಟರಿನ ರಂಧ್ರಗಳು ಬಹು ಸಣ್ಣವು. ಧೂಳು ಕುಳಿತಂತೆಲ್ಲ ಆ ಧೂಳಿನ ಪದರವೇ ಜರಡಿಯಾಗಿ, ಮುಂದೆ ಬರುವ ಧೂಳನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ಸ್ವಲ್ಪ ಕೊಳೆಯಾದ ಕಾಗದದ ಫಿಲ್ಟರು ಹೊಸದಕ್ಕಿಂತ ಉತ್ತಮ ಕಾವಲುಗಾರ! ತೀರ ಕಟ್ಟಿಕೊಂಡು ಗಾಳಿಗೇ ದಾರಿ ಇಲ್ಲದಂತಾದಾಗ ಬದಲಿಸಬೇಕು. ತೊಳೆದು ಬಳಸುವುದರಲ್ಲಿ ಹತ್ತಿಯ ಜಾಳುಬಟ್ಟೆಯ ಕೆಲವು ಪದರಗಳಿರುತ್ತವೆ. ಅದರ ಕಂಡಿಗಳು ದೊಡ್ಡವು. ಧೂಳನ್ನು ಹಿಡಿಯುವುದು ಎಳೆಗಳಿಗೆ ಅಂಟಿದ ಎಣ್ಣೆ. ಈ ಬಗೆಯ ಫಿಲ್ಟರಿಗೆ ಹೆಸರಾದ ಕೆ ಅಂಡ್ ಎನ್ ಕಂಪನಿ 1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. ಪಂದ್ಯದ ವಾಹನಗಳಲ್ಲಿ ಈ ಬಗೆ ಜನಪ್ರಿಯವಾಯಿತು. ನಮ್ಮ ಮನೆಗೆ ಬಂದದ್ದು ಬೇರೊಂದು ಕಂಪನಿಯದು. ಅದರ ಹೆಸರು ಇಲ್ಲಿ ಬೇಕಿಲ್ಲ. ಪಂದ್ಯದ ಇಂಜಿನ್ನಿಗೆ ಗಾಳಿ ಸಲೀಸಾಗಿ ಬರುವುದು ಮುಖ್ಯ. ಅದನ್ನು ಆಗಾಗ್ಗೆ ಬಿಚ್ಚಿ ಕಟ್ಟುತ್ತಾರೆ. ನಮ್ಮ ಗಾಡಿ ಎರಡು ಲಕ್ಷ ಕಿಲೋಮೀಟರು ಬಾಳಬೇಕು.

ಎಳೆತ ಹೆಚ್ಚುತ್ತದೆ, ಇಂಧನ ಉಳಿಯುತ್ತದೆ ಎಂಬ ಮಾತಿಗೂ ಉತ್ತರವಿದೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷಿಸಿತು. ಕಂಪ್ಯೂಟರು ಇಂಧನವನ್ನು ಅಳೆದು ಕೊಡುವ ಈಗಿನ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರನ್ನು ಬದಲಿಸಿದರೂ ಇಂಧನದ ಉಳಿತಾಯ ಗಮನಾರ್ಹವಾಗಿರಲಿಲ್ಲ. ವೇಗ ಏರುವ ಶಕ್ತಿ ಮಾತ್ರ ಸುಧಾರಿಸಿತು. ಕಾರ್ಬ್ಯುರೇಟರ್ ಇದ್ದ ಹಳೆಯ ಕಾರುಗಳಲ್ಲಿ ಉಳಿತಾಯವೂ ಕಂಡುಬಂತು. ನಮ್ಮ ತಲೆಮಾರಿನವರು ಹಳೆಯ ಅಂಬಾಸಿಡರಿನ ಅನುಭವವನ್ನು ಇಂದಿನ ಗಾಡಿಗೆ ಅನ್ವಯಿಸುತ್ತೇವೆ. ಗೊಂದಲಕ್ಕೆ ಕಾರಣ ಅದೇ. ಕಟ್ಟಿಕೊಂಡದ್ದನ್ನು ತೆಗೆದರೇ ಇಂಧನ ಉಳಿಯದೆಂದ ಮೇಲೆ, ಒಳ್ಳೆಯ ಕಾಗದದ ಫಿಲ್ಟರಿನ ಬದಲು ಜಾಳುಬಟ್ಟೆಯದನ್ನು ಹಾಕಿ ಹೆಚ್ಚೇನು ನಿರೀಕ್ಷಿಸುವುದು?

ಹಣದ ಲೆಕ್ಕ ಹೀಗಿದೆ. ನಮ್ಮ ಗಾಡಿಗೆ ಕಾಗದದ ಫಿಲ್ಟರು 450 ರೂಪಾಯಿ. ಧೂಳಿನ ಕಾರಣ ವರ್ಷಕ್ಕೆ ಎರಡು ಬದಲಿಸಿದರೆ 900. ಅಳಿಯಂದಿರು ತಂದ ಫಿಲ್ಟರು 6,000, ತೊಳೆಯುವ ಸಾಮಗ್ರಿ 1,800, ಒಟ್ಟು 7,800. ಆ ಹಣ ಹುಟ್ಟಲು ಎಂಟೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಹತ್ತು ವರ್ಷದ ಗಾಡಿ ಅಷ್ಟು ದಿನ ಇರುತ್ತದೆಯೇ? ನಡುವೆ ಒಮ್ಮೆ ಸೆನ್ಸರು ಕೆಟ್ಟರೆ ಉಳಿತಾಯವೆಲ್ಲ ಅಲ್ಲಿಗೇ ಮುಗಿಯಿತು.

ಆದರೂ ಅಳಿಯಂದಿರ ಮಾತಿನಲ್ಲಿ ಸತ್ಯವಿಲ್ಲವೆಂದು ಹೇಳಲಾರೆವು. ಬಿಸಾಡುವ ಬದುಕು ಒಳ್ಳೆಯದಲ್ಲ. ಈ ವಿಷಯದಲ್ಲಿ ನಮಗೆ ಬೆಳಕು ತೋರಿದ್ದು ಡಯಾಲಿಸಿಸ್ ಕೊಠಡಿಯೇ. ಅಲ್ಲಿ ರಕ್ತವನ್ನು ಸೋಸುವ ಡಯಲೈಜರ್ ಎಂಬ ಫಿಲ್ಟರನ್ನು ನಮ್ಮ ದೇಶದ ಹಲವು ಕೇಂದ್ರಗಳಲ್ಲಿ ತೊಳೆದು ಅದೇ ರೋಗಿಗೆ ಮತ್ತೆ ಬಳಸುತ್ತಾರೆ. ಆದರೆ ತೊಳೆದ ಮೇಲೆ ಪ್ರತಿ ಸಲವೂ ಅಳೆಯುತ್ತಾರೆ. ಅದರ ಎಳೆಗಳ ಒಳಗಿನ ಧಾರಣಶಕ್ತಿ ಮೊದಲಿನ ನೂರಕ್ಕೆ 80 ಭಾಗಕ್ಕಿಂತ ಕೆಳಗಿಳಿದರೆ ಬಿಸಾಡುತ್ತಾರೆ. ಮರುಬಳಕೆ ಅಲ್ಲಿ ನಡೆಯುವುದು ಅಳತೆಯ ಆಧಾರದಿಂದ. ತಂದೆಯವರ ಬಟ್ಟಲಿಗೂ ಒಂದು ಗೆರೆ ಇತ್ತು. ನಮ್ಮ ಪಡಸಾಲೆಯಲ್ಲಿ ಬಕೆಟ್ಟಿತ್ತು, ಎಣ್ಣೆಯಿತ್ತು, ಅವಸರವಿತ್ತು. ತೊಳೆದ ಫಿಲ್ಟರು ಧೂಳು ಹಿಡಿಯುತ್ತದೆಯೋ ಇಲ್ಲವೋ ಎಂದು ನೋಡುವ ಅಳತೆ ಇರಲಿಲ್ಲ. ಇನ್ನು, ತೊಳೆದ ಎಣ್ಣೆನೀರು ಹರಿದದ್ದು ನಮ್ಮ ಓಣಿಯ ಗಟಾರಕ್ಕೆ. ಅದೂ ಒಂದು ಬಿಸಾಟವೇ ಅಲ್ಲವೇ? ವರ್ಷಕ್ಕೆ ಎರಡು ಕಾಗದದ ಫಿಲ್ಟರು ಉಳಿಸಲು ಹೋಗಿ ಇಡೀ ಇಂಜಿನ್ನನ್ನು ಬೇಗನೆ ಗುಜರಿಗೆ ಕಳಿಸಿದರೆ ಅದು ಮಿತವ್ಯಯವೂ ಅಲ್ಲ.

ಆದ್ದರಿಂದ ನಾವು ಕಂಡುಕೊಂಡ ಕ್ರಮ ಇದು. ಗಾಡಿಗೆ ಹೇಳಿ ಮಾಡಿಸಿದ ಅಸಲಿ ಕಾಗದದ ಫಿಲ್ಟರನ್ನೇ ಕೊಳ್ಳಬೇಕು. ಅಂಚಿನ ರಬ್ಬರು ಸರಿಯಾಗಿ ಕೂರದ ಅಗ್ಗದ ನಕಲು ಎಲ್ಲಕ್ಕಿಂತ ಕೆಟ್ಟದ್ದು. 5,000 ಕಿಲೋಮೀಟರಿಗೊಮ್ಮೆ ತೆಗೆದು ನೋಡಬೇಕು. ಗಾಡಿಯ ಕೈಪಿಡಿಯಲ್ಲಿ ಸಾಮಾನ್ಯ ರಸ್ತೆಗೆ ಒಂದು ಅವಧಿ, ಧೂಳಿನ ರಸ್ತೆಗೆ ಅದಕ್ಕಿಂತ ಕಡಿಮೆ ಅವಧಿ ಕೊಟ್ಟಿರುತ್ತಾರೆ. ನಾವು ಎರಡನೆಯ ಸಾಲನ್ನು ಓದಬೇಕಾದವರು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಲೇಬಾರದು. ಗ್ಯಾರೇಜಿನಲ್ಲಿ ಗಾಳಿಯ ಪೈಪು ಹಿಡಿದು ಜೋರಾಗಿ ಊದಿಸಿದರೆ ಕಣ್ಣಿಗೆ ಕಾಣದ ತೂತು ಬೀಳಬಹುದು, ಅದನ್ನೂ ಬಿಡಬೇಕು. ಮುಚ್ಚಳದ ಕೊಂಡಿಗಳು ಎಲ್ಲವೂ ಬಿಗಿಯಾಗಿ ಕೂತಿವೆಯೇ ಎಂದು ಸ್ವತಃ ನೋಡಬೇಕು. ಆಗಾಗ ಬಿಳಿ ಬಟ್ಟೆಯ ಪರೀಕ್ಷೆ ಮಾಡಬೇಕು. ಕಲ್ಲಿನ ಲಾರಿಯ ಬೆನ್ನು ಹತ್ತದೆ ಧೂಳು ಇಳಿಯಲು ಅರ್ಧ ನಿಮಿಷ ಕಾಯಬೇಕು. ಇದು ಇಂಜಿನ್ನಿಗೂ ಹಿತ, ನಮ್ಮ ಶ್ವಾಸಕೋಶಕ್ಕೂ ಹಿತ. ಧೂಳಿಲ್ಲದ ಹೆದ್ದಾರಿಯಲ್ಲಿ ಓಡಾಡುವವರು, ಸೂಚನೆಯನ್ನು ಅಕ್ಷರಶಃ ಪಾಲಿಸಿ ತೊಳೆಯುವ ವ್ಯವಧಾನ ಉಳ್ಳವರು, ತೊಳೆಯುವ ಫಿಲ್ಟರು ಬಳಸಿದರೆ ನಮ್ಮ ಆಕ್ಷೇಪವಿಲ್ಲ. ವಾಡಿ ಶಹಾಬಾದದ ದಾರಿಯಲ್ಲಿ ದಿನವೂ ಓಡುವವರಿಗೆ ಅದು ಬೇಡವೆಂಬುದೇ ನಮ್ಮ ಅಭಿಪ್ರಾಯ.

ಉಳಿದದ್ದು ಒಂದೇ ಸಂಕಟ. ಪ್ರೀತಿಯಿಂದ ಕೊಟ್ಟ ಉಡುಗೊರೆಯನ್ನು ತೆಗೆದಿಟ್ಟೆವೆಂದು ಅಳಿಯಂದಿರಿಗೆ ಹೇಗೆ ಹೇಳುವುದು? ಎರಡು ತಿಂಗಳು ಸುಮ್ಮನಿದ್ದೆವು. ಬೇಸಿಗೆ ರಜೆಗೆ ಅವರು ಬಂದಾಗ ಮಾತಿನ ಬದಲು ಆ ಬಿಳಿ ಬಟ್ಟೆಯನ್ನೇ ಮುಂದಿಟ್ಟೆವು. ಅದನ್ನು ಬೆರಳಿನಿಂದ ತಿಕ್ಕಿ ನೋಡಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮಾಮಾ, ನಾನು ಬೆಂಗಳೂರಿನ ರೋಡ್ ನೋಡಿ ತಂದಿದ್ದೆ. ಸೇಡಂ ರೋಡ್ ನೋಡಿ ತರಬೇಕಿತ್ತು. ಅವತ್ತೇ ಯಾಕ ಹೇಳಲಿಲ್ಲರಿ?” ಎಂದರು. ಹೇಳದೆ ಬಚ್ಚಿಟ್ಟಿದ್ದಕ್ಕೆ ನಮಗೇ ನಾಚಿಕೆಯಾಯಿತು. ಮರುದಿನ ಅಣ್ಣನವರ ಸರದಿ. ಅಳಿಯಂದಿರೇ ಬೆಳಗಿನ ಜಾವ ಎದ್ದು, ಫಿಲ್ಟರಿನ ಮುಚ್ಚಳ ತೆಗೆದು ನೋಡಿ, ಕೊಂಡಿಗಳನ್ನು ಒತ್ತಿ, ಗಾಡಿಯನ್ನು ತಾವೇ ಓಡಿಸಿಕೊಂಡು ಹೋದರು. ಎಂಟಕ್ಕೆ ಹತ್ತು ನಿಮಿಷ ಮೊದಲೇ ಅಣ್ಣನವರು ತಮ್ಮ ಹಾಸಿಗೆಯ ಮೇಲಿದ್ದರು.

ಬಂಧುಗಳೇ, ವಸ್ತು ಹೊಸದೋ ಹಳೆಯದೋ, ದುಬಾರಿಯೋ ಅಗ್ಗವೋ ಎಂಬುದಕ್ಕಿಂತ ಅದು ನಮ್ಮ ನೆಲಕ್ಕೆ ತಕ್ಕುದೋ ಎಂದು ಕೇಳುವುದು ಮೇಲು. ಈ ಬೇಸಿಗೆಯಲ್ಲಿ ಒಮ್ಮೆ ತಮ್ಮ ಗಾಡಿಯ ಆ ಮುಚ್ಚಳವನ್ನು ತೆಗೆದು ನೋಡಿರೆಂದು ವಿನಂತಿಸುತ್ತೇವೆ.